ಸುಳ್ಳು ಹಾಜರಿ

ಟೈಲರಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು. ಗಂಡ ದಿನಕ್ಕೆ ಅರ್ಧ ಹೊತ್ತಾದರೂ ಮನೆಯಿಂದ ಆಚೆ ಇರಬೇಕು. ಅವಳು ಬಂಗಾರ ಕೇಳಲಿಲ್ಲ, ಬಂಗಲೆ ಕೇಳಲಿಲ್ಲ. ಇಷ್ಟನ್ನೂ ನಡೆಸಿಕೊಡದ ದೇವರಿಗೆ ಕಣ್ಣಿಲ್ಲವೋ ಕಿವಿಯಿಲ್ಲವೋ ಎಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಗೊಣಗುತ್ತಿದ್ದಳು. ಜೋರಾಗಿ ಗೊಣಗುವ ಹಾಗೂ ಇರಲಿಲ್ಲ, ಯಾಕೆಂದರೆ ಹವಾಲ್ದಾರರು ಪಕ್ಕದ ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದರು.

ಹವಾಲ್ದಾರರು ಸೈನ್ಯದಲ್ಲಿದ್ದಷ್ಟು ಕಾಲವೂ ಮಾಡಿದ ಮುಖ್ಯ ಕೆಲಸ ಹಾಜರಿ ಕೂಗುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಡೀ ಕಂಪನಿಯನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೂಗಬೇಕು, ಅವರವರು 'ಹಾಜರ್' ಅನ್ನಬೇಕು. ಗೋಡೆ ಹಾರಿ ಸಿನಿಮಾಕ್ಕೆ ಹೋದವನ ಪರವಾಗಿ ಗೆಳೆಯ ದನಿ ಬದಲಿಸಿ 'ಹಾಜರ್' ಅಂದರೆ, ಅದು ಹವಾಲ್ದಾರರ ಕಿವಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಗುತ್ತಿತ್ತು. 'ಎಲ್ಲಿದಾನೆ ಅವನು? ಮುಂದೆ ಬರಲಿ!' ಎಂದು ಗುಡುಗುತ್ತಿದ್ದರು. ಸೈನ್ಯ ಬಿಟ್ಟ ಮೇಲೆ ಒಂದು ಗೋದಾಮಿನಲ್ಲಿ ಕಾವಲುಗಾರರ ಮೇಲ್ವಿಚಾರಕರಾಗಿ ಸೇರಿದರು, ಅಲ್ಲೂ ಅದೇ ಕೂಗಾಟ. ಹೋದ ವರ್ಷ ಆ ಕೆಲಸವೂ ಮುಗಿಯಿತು. ಕೂಗುವುದಕ್ಕೆ ಇನ್ನು ಉಳಿದವರು ಹೆಂಡತಿ ಮತ್ತು ಅವಳ ಗಿರಾಕಿಗಳು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಂಡ ಗಡಿಯಲ್ಲಿ ಹಾಜರಿ ಕೂಗುತ್ತಿದ್ದ ಕಾಲದಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅವಳೊಬ್ಬಳೇ ಕಟ್ಟಿದ ಅಂಗಡಿ. ಈಗ ಅಲ್ಲಿ ಏನು ನಡೆಯುತ್ತಿತ್ತು ಅನ್ನುತ್ತೀರಿ? ಬಂದ ಹೆಂಗಸರೆಲ್ಲ ಸಾಲಾಗಿ ನಿಲ್ಲಬೇಕು. ಅಳತೆ ಕೊಡುವವಳು ಅಲುಗಾಡಬಾರದು. ಮದುವೆ ಹುಡುಗಿಯೊಬ್ಬಳು ಕನ್ನಡಿ ಮುಂದೆ ಹೊಸ ರವಿಕೆ ಹಾಕಿಕೊಂಡು ನಗುತ್ತ ನಿಂತಿದ್ದರೆ, ಪರದೆಯ ಆಚೆಯಿಂದ "ಮುಂದಿನವರು!" ಎಂಬ ಕೂಗು. ಆ ಹುಡುಗಿ ಬೆಚ್ಚಿಬಿದ್ದು ಸೂಜಿ ಚುಚ್ಚಿಸಿಕೊಂಡಳು. ಅವಳ ತಾಯಿ ಉಳಿದ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಬೀದಿಯ ಕೊನೆಯ ಇನ್ನೊಂದು ಅಂಗಡಿಗೆ ಹೋದಳು. ಹೀಗೇ ಒಬ್ಬೊಬ್ಬರಾಗಿ ಗಿರಾಕಿಗಳು ಜಾರಿಕೊಳ್ಳತೊಡಗಿದರು.

"ಶಿಸ್ತು ಕಲಿಸಿದೆ, ತಪ್ಪೇನು?" ಅಂದರು ಹವಾಲ್ದಾರರು.

"ಇನ್ನೊಂದು ವಾರ ಕಲಿಸಿ, ನಾನೂ ನೀವೂ ಇಬ್ಬರೇ ಸಾಲಾಗಿ ನಿಲ್ಲೋಣ," ಅಂದಳು ಟೈಲರಮ್ಮ.

ಮಾಜಿ ಸೈನಿಕರ ಸಂಘ ಅಂತ ಒಂದಿದೆ ಎಂದು ಅವಳಿಗೆ ಹೇಳಿದ್ದು ಗುಂಡಿ-ದಾರ ಮಾರುವ ಅಂಗಡಿಯಾಕೆ. ಮರುದಿನವೇ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಕೋಣೆ, ಗೋಡೆಯ ತುಂಬ ಗುಂಪಿನ ಫೋಟೋಗಳು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಸಂಘದ ಸೆಕ್ರೆಟರಿ ಹಿಂದೆ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ದಪ್ಪ ಮನುಷ್ಯ. ಸದಸ್ಯರಾದರೆ ಆಸ್ಪತ್ರೆಯಲ್ಲಿ ಸಹಾಯ, ಪಿಂಚಣಿ ತೊಡಕಾದರೆ ವಕೀಲರು, ಕಷ್ಟಕಾಲಕ್ಕೆ ನಾಲ್ಕು ಜನ ಎಂದು ಉರು ಹೊಡೆದ ಪಾಠ ಒಪ್ಪಿಸಿದ.

"ಅದೆಲ್ಲ ಇರಲಿ ಬಿಡಿ ಸಾರ್. ದಿನಾ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಿ, ಎಷ್ಟು ಹೊತ್ತಿಗೆ ವಾಪಸ್ ಕಳಿಸ್ತೀರಿ?"

ಸೆಕ್ರೆಟರಿ ನಕ್ಕುಬಿಟ್ಟ. "ಅಕ್ಕ, ಇಲ್ಲಿರೋ ಅರ್ಧ ಜನರನ್ನ ಸೇರಿಸಿದ್ದು ಅವರ ಹೆಂಡತಿಯರೇ. ಈ ತಿಂಗಳ ಸಭೆಗೆ ಸುಮ್ಮನೆ ಬಂದು ನೋಡಲಿ, ಕಳಿಸಿ."

ಒಪ್ಪಿಸುವುದೇನು ಸುಲಭವೇ? ಲಾರಿ ಓಡಿಸುತ್ತಿದ್ದವನ ಮುಂದೆ ಹೋಗಿ ಕೂರಬೇಕಾ, ಟೀ ಕುಡಿದು ಹಳೇ ಬಡಾಯಿ ಕೊಚ್ಚೋದಕ್ಕೆ ಸಂಘ ಬೇರೆ ಕೇಡು ಎಂದು ಹವಾಲ್ದಾರರು ನಾಲ್ಕು ದಿನ ಹಾರಾಡಿದರು. ಐದನೇ ದಿನ ಅವಳು ಇಸ್ತ್ರಿ ಮಾಡಿದ ಅಂಗಿಯನ್ನು ಮುಖದ ಮುಂದೆ ಹಿಡಿದು, "ಹೋಗ್ತೀರೋ, ನಾನೇ ಮೆಷಿನ್ ಹೊತ್ಕೊಂಡು ಎಲ್ಲಾದರೂ ಹೋಗ್ಲೋ?" ಅಂದಳು. ಹೋದರು.

ಆಹಾ, ಆ ಬೆಳಗಿನ ಸುಖ! ಕತ್ತರಿಯ ಸದ್ದು ಅವಳಿಗೇ ಕೇಳಿಸಿತು. ಬಹಳ ದಿನದಿಂದ ಮುಟ್ಟದೆ ಇಟ್ಟಿದ್ದ ಮಖಮಲ್ಲಿನ ಬಟ್ಟೆ ಹಾಸಿ, ಗೆರೆ ಎಳೆದು, ಇನ್ನೇನು ಕತ್ತರಿ ಹಾಕಬೇಕು, ಗೇಟಿನ ಸದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹವಾಲ್ದಾರರು ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕೂತರು.

"ಏನಾಯ್ತು? ಸಭೆ ಇಷ್ಟು ಬೇಗ ಮುಗೀತಾ?"

"ನನಗೆ ಮುಗೀತು."

ಬಾಯಿ ಬಿಡಿಸುವುದಕ್ಕೆ ಸಾಕುಸಾಕಾಯಿತು. ಸಭೆ ಶುರುವಾಗುವ ಮೊದಲು ಅಲ್ಲಿ ಹಾಜರಿ ಕೂಗುತ್ತಾರಂತೆ. ಹವಾಲ್ದಾರರಿಗೆ ಮೊದಲ ಸಲ ಸಂಘದ ಮೇಲೆ ಗೌರವ ಬಂದಿದೆ. ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದಾರೆ. ಒಂದು ಹೆಸರಿಗೆ ಸೆಕ್ರೆಟರಿಯೇ 'ಹಾಜರ್' ಅಂದ. ಅವನು ತನ್ನ ಹೆಸರಿಗೆ ಆಗಲೇ ಒಂದು ಸಲ ಅಂದಾಗಿತ್ತು.

"ಸುಳ್ಳು ಹಾಜರಿ! ಹಾಡು ಹಗಲಲ್ಲಿ! ನನ್ನಿಂದ ತಡೆಯೋಕಾಗಲಿಲ್ಲ. ಎದ್ದು ನಿಂತು, ಎಲ್ಲಿದಾನೆ ಅವನು, ಮುಂದೆ ಬರಲಿ ಅಂದೆ."

"ಬಂದರಾ?"

ಹವಾಲ್ದಾರರು ಚಪ್ಪಲಿಯ ತುದಿ ನೋಡಿದರು. "ತೀರಿಹೋಗಿದಾನಂತೆ."

ಆ ಸಂಘದ ಪದ್ಧತಿ ಹಾಗೆ. ಸದಸ್ಯ ತೀರಿಕೊಂಡರೂ ಹೆಸರು ತೆಗೆಯುವುದಿಲ್ಲ. ಪ್ರತಿ ಸಭೆಯಲ್ಲೂ ಕೂಗುತ್ತಾರೆ, ಅವನ ಪರವಾಗಿ ಒಬ್ಬರು 'ಹಾಜರ್' ಅನ್ನುತ್ತಾರೆ. ಅದನ್ನು ಇವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

"ಅವನ ಹೆಂಡತಿ ಮುಂದಿನ ಸಾಲಲ್ಲೇ ಕೂತಿದ್ದರು," ಅಂದರು ಹವಾಲ್ದಾರರು. "ತಿರುಗಿ ನನ್ನೇ ನೋಡಿದರು."

ಟೈಲರಮ್ಮ ಹಣೆ ಹಣೆ ಚಚ್ಚಿಕೊಂಡಳು. ಇಡೀ ಊರಿನಲ್ಲಿ ಈ ತಪ್ಪು ಮಾಡುವುದು ಇನ್ನೊಬ್ಬನಿಂದ ಸಾಧ್ಯವಿತ್ತೆ? ಬೇರೆ ಯಾರಾದರೂ ಆಗಿದ್ದರೆ ಒಂದೇ ದನಿ ಎರಡು ಹೆಸರಿಗೆ ಬಂದದ್ದೂ ತಿಳಿಯುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡವಳು ತಾನೇ, ಇನ್ನು ಯಾರನ್ನು ಬೈಯುವುದು?

ಅವತ್ತಿನಿಂದ ಹವಾಲ್ದಾರರು ಮಾತೇ ಬಿಟ್ಟರು. ಮುಂದಿನ ಕೋಣೆಗೆ ಬರಲಿಲ್ಲ, ಯಾರನ್ನೂ ಸಾಲಲ್ಲಿ ನಿಲ್ಲಿಸಲಿಲ್ಲ. ಹಿಂದಿನ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಗಿರಾಕಿಗಳು ಮೆಲ್ಲಗೆ ಮರಳಿ ಬಂದರು. ಅವಳು ಬೇಡಿಕೊಂಡಿದ್ದೂ ಇದೇ ಅಲ್ಲವೇ? ಮನೆ ತಣ್ಣಗಾಯಿತು, ಅವಳ ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ. ಗದ್ದಲ ಮಾಡಿದರೂ ಸಿಟ್ಟು, ಸುಮ್ಮನಿದ್ದರೂ ಸಿಟ್ಟು, ಇದೆಂಥ ಗಂಡನಪ್ಪ ಎಂದು ದಾರ ಕಚ್ಚಿ ತುಂಡು ಮಾಡುತ್ತಿದ್ದಳು. ಆ ಮನುಷ್ಯ ಮತ್ತೆ ನಾಲ್ಕು ಜನರ ನಡುವೆ ಹೋಗಿ ಕೂರದಿದ್ದರೆ ಆ ಗೋಡೆಯ ಮುಂದೆಯೇ ಮುಗಿದುಹೋಗುತ್ತಾನೆ ಎಂಬ ಹೆದರಿಕೆ ಅವಳನ್ನು ಹಿಡಿಯಿತು.

ಕ್ಷಮೆ ಕೇಳುವ ಕೆಲಸವೂ ಕೊನೆಗೆ ಅವಳ ಪಾಲಿಗೇ ಬಂತು. ತೀರಿಕೊಂಡವನ ಹೆಂಡತಿ ನಿವೃತ್ತ ನರ್ಸು, ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಮೆಟ್ಟಿಲು ಹತ್ತುವಷ್ಟು ಹೊತ್ತೂ ಟೈಲರಮ್ಮ ಗಂಡನನ್ನೂ ಸಂಘವನ್ನೂ ಲಿಫ್ಟಿಲ್ಲದ ಕಟ್ಟಡವನ್ನೂ ಸೇರಿಸಿ ಬೈದಳು. ಬಾಗಿಲು ತೆಗೆದ ನರ್ಸಮ್ಮನ ಕೈಯಲ್ಲಿ ಒಗೆದು ಹಿಂಡಿದ ಹಾಸಿಗೆ ಹೊದಿಕೆಯಿತ್ತು. ವಿಷಯ ಹೇಳುವ ಮೊದಲೇ ಅದರ ಒಂದು ತುದಿಯನ್ನು ಟೈಲರಮ್ಮನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಒದರಿ ಒಣಹಾಕಿದರು.

"ನಮ್ಮ ಯಜಮಾನರಿಗೆ ಬುದ್ಧಿ ಇಲ್ಲ, ನೀವು ಮನಸ್ಸಿಗೆ ಹಚ್ಕೋಬೇಡಿ ಅಕ್ಕ," ಅಂದಳು.

"ಹಚ್ಕೊಂಡೆ," ಅಂದರು ನರ್ಸಮ್ಮ. "ತಿಂಗಳು ತಿಂಗಳೂ ಹೋಗ್ತೀನಮ್ಮ. ಹೆಸರು ಕೂಗ್ತಾರೆ, ಸೆಕ್ರೆಟರಿ ಹಾಜರ್ ಅಂತಾನೆ, ಮುಂದಿನ ಹೆಸರು. ಆಮೇಲೆ ಟೀ. ಅವನ ತಪ್ಪಲ್ಲ, ಪಾಪ, ಗೌರವಕ್ಕೆ ಅಂತಾನೆ. ಆದರೆ ನಮ್ಮವರು ಎಲ್ಲಿದಾರೆ ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದು ನಿಮ್ಮವರೊಬ್ಬರೇ. ಮನೆಗೆ ಬಂದು ಮನಸಾರೆ ಅತ್ತೆ." ಹೊದಿಕೆಗೆ ಕ್ಲಿಪ್ಪು ಹಾಕಿದರು. "ಕಳಿಸಿ ಅವರನ್ನ. ಇನ್ನೊಂದು ಸಲ ಕೇಳಲಿ. ನನ್ನ ಹತ್ತಿರ ಉತ್ತರ ಇದೆ."

ಹವಾಲ್ದಾರರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಸಭೆಯ ದಿನ ಅವಳು ಅಂಗಡಿಗೆ ಬೀಗ ಹಾಕಿ, ತಾನೇ ಮುಂದೆ ನಿಂತು ಕರೆದುಕೊಂಡು ಹೋದಳು. ಅರ್ಧ ಹೊಲಿದ ಬಟ್ಟೆಗಳು ಮೆಷಿನ್ನಿನ ಮೇಲೆ, ಗಿರಾಕಿಗಳು ಗೇಟಿನ ಹತ್ತಿರ, ಅವಳು ಇಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಉರಿದುಹೋಗುತ್ತಿತ್ತು.

ಹಾಜರಿ ಶುರುವಾಯಿತು. ಆ ಹೆಸರು ಬಂದಾಗ ಸೆಕ್ರೆಟರಿ ಬಾಯಿ ತೆರೆದ. ನರ್ಸಮ್ಮ ಕೈ ಎತ್ತಿ ಅವನನ್ನು ತಡೆದು, ಹಿಂದಕ್ಕೆ ತಿರುಗಿ ಹವಾಲ್ದಾರರನ್ನು ನೋಡಿದರು. ಹವಾಲ್ದಾರರು ಎದ್ದರು. ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, "ಎಲ್ಲಿದಾರೆ?" ಅಂದರು.

"ಬಸ್ ಸ್ಟಾಪಲ್ಲಿ," ಅಂದರು ನರ್ಸಮ್ಮ. "ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ದಿನಾ ಬಂದು ನಿಲ್ತಿದ್ದರು. ಬೇಡ ಅಂದರೂ ಕೇಳ್ತಿರಲಿಲ್ಲ. ಅಂಗಿ ಗುಂಡಿ ಮೇಲೆ ಕೆಳಗೆ ಹಾಕಿರ್ತಿದ್ದರು. ನಾನು ಬೈತಾ ಸರಿಮಾಡ್ತಿದ್ದೆ. ಈಗಲೂ ಆ ಸ್ಟಾಪು ಬಂದರೆ ಬೈಯೋದಕ್ಕೆ ಬಾಯಿ ತೆರೀತೀನಿ."

ಯಾರೂ 'ಹಾಜರ್' ಅನ್ನಲಿಲ್ಲ. ಹವಾಲ್ದಾರರು ಎದೆ ಎತ್ತಿ ಒಂದು ಸೆಲ್ಯೂಟ್ ಹೊಡೆದು ಕೂತರು. ಅಷ್ಟರಲ್ಲಿ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು, "ತೀರಿಹೋದ ನಮ್ಮ ಗೆಳೆಯ ಎಲ್ಲಿದಾನೆ ಅಂತಾನೂ ಕೇಳಿ," ಅಂದರು. ಆಮೇಲೆ ಇನ್ನೊಬ್ಬರು. ಒಬ್ಬ ಅಡುಗೆಯವನು ಎಲ್ಲಿದ್ದಾನೆ, ತಂತಿ ಸಂದೇಶ ಕಳಿಸುತ್ತಿದ್ದ ಒಬ್ಬನು ಎಲ್ಲಿದ್ದಾನೆ, ಸಾಲ ಕೇಳಿದರೆ ಕಿವುಡನಾಗುತ್ತಿದ್ದವನು ಎಲ್ಲಿದ್ದಾನೆ ಎಂದು ಹವಾಲ್ದಾರರು ಒಬ್ಬೊಬ್ಬರನ್ನೇ ಕೇಳಿದರು. ಜನ ನಕ್ಕರು, ಮೂಗು ಒರೆಸಿಕೊಂಡರು. ಟೀ ತಣ್ಣಗಾಯಿತು. ಸೆಕ್ರೆಟರಿ ಗಡಿಯಾರ ನೋಡುವುದನ್ನೇ ಬಿಟ್ಟ. ಟೈಲರಮ್ಮ ಮಾತ್ರ ಕಾಲು ಕುಟ್ಟುತ್ತ ಕೂತಿದ್ದಳು. ಕಣ್ಣು ಒದ್ದೆಯಾಗಿದ್ದಕ್ಕೂ ಗಂಡನ ಮೇಲೆಯೇ ಸಿಟ್ಟು ಬಂತು.

ಮನೆಗೆ ನಡೆದು ಬರುವಾಗ ಹವಾಲ್ದಾರರ ಹೆಜ್ಜೆ ಮತ್ತೆ ಚುರುಕಾಗಿತ್ತು.

"ಸದಸ್ಯನಾದೆ. ಇನ್ನು ಮೇಲೆ ದಿನಾ ಬೆಳಿಗ್ಗೆ ಸಂಘದ ಕೋಣೆಗೆ ಹೋಗ್ತೀನಿ. ಸಭೇಲಿ ಹಾಜರಿ ನಾನೇ ಕೂಗಬೇಕಂತೆ," ಅಂದರು.

ಸದ್ಯ, ಅಂಗಡಿ ಉಳಿಯಿತು ಎಂದು ಅವಳು ಉಸಿರು ಬಿಟ್ಟಳೋ ಇಲ್ಲವೋ, ಮುಂದಿನ ಮಾತು ಬಂತು.

"ನಾನು ಹೋದ ಮೇಲೆ ನನ್ನ ಹೆಸರಿಗೆ ಉತ್ತರ ಹೇಳೋರು ಯಾರು ಅಂತ ಕೇಳಿದರು. ನೀನು ಅಂದೆ."

"ನನ್ನ ಒಂದು ಮಾತು ಕೇಳಿದ್ರಾ? ಹಾಲಿನವನಿಗೆ ಉತ್ತರ ನಾನೇ, ಸ್ಕೂಲಿನವರಿಗೆ ನಾನೇ, ನಿಮ್ಮಮ್ಮ ಸಾಯೋವಾಗ ಮಗ ಎಲ್ಲಿ ಅಂತ ಕೇಳಿದ್ದಕ್ಕೂ ನಾನೇ. ಸತ್ತ ಮೇಲೂ ಬಿಡಲ್ವಾ ನೀವು?" ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. "ನಾನೇ ಮೊದಲು ಹೋದರೆ? ಆಗ ನನ್ನ ಹೆಸರಿಗೆ?"

"ಹೆಂಡತಿಯರ ಹೆಸರು ಕೂಗಲ್ಲ ಅಲ್ಲಿ. ಸದಸ್ಯರದು ಮಾತ್ರ."

"ಯಾಕೆ? ಸೈನ್ಯದಲ್ಲಿ ಇದ್ದಿದ್ದು ನೀವೊಬ್ಬರೇನಾ? ನೀವು ಅಲ್ಲಿ ಇದ್ದಷ್ಟು ವರ್ಷ ನಾನು ಇಲ್ಲಿ ಏನು ಜೋಕಾಲಿ ಆಡ್ತಿದ್ನಾ?"

ಹವಾಲ್ದಾರರ ಹತ್ತಿರ ಎಲ್ಲದಕ್ಕೂ ಒಂದು ನಿಯಮವಿರುತ್ತಿತ್ತು. ಇದಕ್ಕೆ ಇರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಬಂದು ಅವಳೆದುರು ನಿಂತರು. ಹೋಗುವವರು ಬರುವವರು ಬಳಸಿಕೊಂಡು ಹೋದರು.

"ಸೇರಿಸ್ತೀನಿ," ಅಂದರು. "ಮುಂದಿನ ಸಭೇಲಿ ಜಗಳ ಆಡಿಯಾದರೂ ಎಲ್ಲರ ಹೆಂಡತಿಯರ ಹೆಸರೂ ಸೇರಿಸ್ತೀನಿ. ಆದರೆ ನೀನು ಮೊದಲು ಹೋಗಬೇಡ ಕಣೇ. ಸಾವಿರ ಹೆಸರು ಕೂಗಿದೀನಿ. ನಿಂದು ಕೂಗಿ, ಉತ್ತರ ಬರದೆ ಹೋದರೆ, ನನ್ನ ಕೈಲಾಗಲ್ಲ."