ಬಲಗಣ್ಣಿನ ಪಟ್ಟಿ

ಒಳ್ಳೆ ಕಣ್ಣನ್ನು ಕಟ್ಟಿ, ಕೆಟ್ಟ ಕಣ್ಣನ್ನು ಬಿಡಿ ಎಂದು ಯಾವ ಡಾಕ್ಟರಾದರೂ ಹೇಳಿಯಾನೇ? ಉರ್ವದ ಮಟಿಲ್ಡಾ ಬಾಯಿಯವರಿಗೆ ಈ ಮಾತು ಗಂಟಲಲ್ಲಿ ಇಳಿಯಲೇ ಇಲ್ಲ. ಎಡಗಾಲಿಗೆ ಹುಣ್ಣಾದರೆ ಬಲಗಾಲಿಗೆ ಪಟ್ಟಿ ಕಟ್ಟುವ ಬುದ್ಧಿವಂತರನ್ನು ಅವರು ಆ ಐವತ್ತೆಂಟನೇ ಇಸವಿಯವರೆಗೆ ಕಂಡವರಲ್ಲ.

ಮೊಮ್ಮಗಳು ವೆರೋನಿಕಾಳ ಎಡಗಣ್ಣು ಅವಳು ಸಣ್ಣವಳಿರುವಾಗಲೇ ತುಸು ಮೂಗಿನ ಕಡೆಗೆ ಸರಿದಿತ್ತು. ನೀರು ಬಗ್ಗಿಸಿದರೆ ಲೋಟದ ಹೊರಗೆ ಬೀಳುತ್ತಿತ್ತು. ಚೆಂಡು ಹಿಡಿಯಹೋದರೆ ಮೂಗಿಗೆ ಬಡಿಯುತ್ತಿತ್ತು. ಶಾಲೆಯ ಮಕ್ಕಳು ‘ವಾರೆಗಣ್ಣಿ, ವಾರೆಗಣ್ಣಿ’ ಎಂದು ಕಾಡಿದ ಮೇಲೆ ಎಂಟು ವರ್ಷದ ಆ ಹುಡುಗಿ ಮುಖ ಎತ್ತಿ ಮಾತಾಡುವುದನ್ನೇ ಬಿಟ್ಟಳು. ಇದು ಸೋಮಾರಿ ಕಣ್ಣು, ಬಲಗಣ್ಣನ್ನು ಮುಚ್ಚಿದರೆ ಮಾತ್ರ ಇದು ಕೆಲಸ ಕಲಿಯುತ್ತದೆ ಎಂದಿದ್ದರು ಹಂಪನಕಟ್ಟೆಯ ಡಾಕ್ಟರು.

ಸೊಸೆ ಎಸ್ತೆರ್ ಟೀಚರು. ದಿನಾ ಬೆಳಿಗ್ಗೆ ಮಗಳ ಬಲಗಣ್ಣಿಗೆ ಕಪ್ಪು ಬಟ್ಟೆಯ ಪಟ್ಟಿ ಕಟ್ಟಿ ತನ್ನ ಶಾಲೆಗೆ ಓಡುವಳು. ಅವಳು ಗೇಟು ದಾಟಿದ್ದೇ ತಡ, ಮಟಿಲ್ಡಾ ಬಾಯಿ ಪಟ್ಟಿಯನ್ನು ಎಡಗಣ್ಣಿಗೆ ಸರಿಸುವರು.

“ನಿನ್ನ ಮಾಯ್‌ಗೆ ಹೇಳ್ಬೇಡ ಬಾಯೆ. ಸೀಕಿನ ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಬೇಕು.”

ಎಸ್ತೆರ್ ಬರುವ ಹೊತ್ತಿಗೆ ಪಟ್ಟಿ ಮತ್ತೆ ಬಲಕ್ಕೆ. ಹುಡುಗಿಗೂ ಖುಷಿಯೋ ಖುಷಿ. ಶಾಲೆಯಲ್ಲಿ ಎಡವುವುದಿಲ್ಲ, ವಾರೆಗಣ್ಣು ಯಾರಿಗೂ ಕಾಣುವುದೂ ಇಲ್ಲ.

ಮಳೆಗಾಲ ಮುಗಿದು ಮೂವರೂ ಡಾಕ್ಟರರ ಹತ್ತಿರ ಹೋದರೆ, ಎಡಗಣ್ಣು ಒಂದು ಚೂರೂ ಸುಧಾರಿಸಿರಲಿಲ್ಲ.

“ಪಟ್ಟಿ ಕಟ್ಟಿದ್ದೀರೋ ಇಲ್ವೋ? ಇನ್ನೊಂದು ವರ್ಷ ಹೋದರೆ ಎಂತ ಮಾಡಿದರೂ ಈ ಕಣ್ಣು ಬರುವುದಿಲ್ಲ ಅಮ್ಮ.”

“ದಿನಾ ನಾನೇ ಕಟ್ಟಿದ್ದೇನೆ ಡಾಕ್ಟ್ರೇ,” ಎಂದು ಎಸ್ತೆರ್ ಅತ್ತಳು. ವೆರೋನಿಕಾ ಅಜ್ಜಿಯ ಮುಖ ನೋಡಿದಳು, ತುಟಿ ಬಿಚ್ಚಲಿಲ್ಲ. ಅಯ್ಯೋ ದೇವರೇ, ಮಗು ನನ್ನ ಗುಟ್ಟು ಕಾಯುತ್ತಾ ಉಂಟಲ್ಲ ಎಂದು ಮಟಿಲ್ಡಾ ಬಾಯಿ ಕುರ್ಚಿಯಿಂದ ಎದ್ದರು.

“ಸರಿಸಿದ್ದು ನಾನು,” ಎಂದರು.

ಎಸ್ತೆರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅಂದಿನಿಂದ ಅತ್ತೆಯೊಡನೆ ಅವಳದ್ದು ಎಷ್ಟು ಬೇಕೋ ಅಷ್ಟೇ ಮಾತು.

ಡಿಸೆಂಬರಿನಲ್ಲಿ ವೆರೋನಿಕಾಳಿಗೆ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಕೊಡುವ ದಿನ. ಮಕ್ಕಳು ಸಾಲಾಗಿ ನಿಂತು, ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಂಡು, ಎಲ್ಲ ಬತ್ತಿ ಉರಿದ ಮೇಲೆಯೇ ಪಾದ್ರಿಗಳೆದುರು ಪ್ರತಿಜ್ಞೆ ಹೇಳಬೇಕು. ಇಗರ್ಜಿಯ ಬಾಗಿಲಲ್ಲಿ ಸಿಸ್ಟರ್ ಆಗ್ನೆಸ್ ತಡೆದರು.

“ಇವತ್ತೊಂದು ದಿನ ಪಟ್ಟಿ ಬಿಚ್ಚಿ ಬಾಯಿ. ಕೈಯಲ್ಲಿ ಬೆಂಕಿ, ಸಾಲಿನಲ್ಲಿ ಇವಳ ಪಕ್ಕ ನಿಲ್ಲುವ ಜೂಲಿಯ ತಲೆಯಲ್ಲಿ ವೇಲ್. ಹೆಚ್ಚುಕಮ್ಮಿ ಆದರೆ?”

“ಬಿಚ್ಚು, ವ್ಹಡ್ಲಿಮಾಯ್,” ಎಂದು ವೆರೋನಿಕಾ ಅಜ್ಜಿಯ ಸೀರೆ ಹಿಡಿದಳು. “ಎಲ್ಲರೂ ನಗಾಡ್ತಾರೆ.”

ಮಟಿಲ್ಡಾ ಬಾಯಿಯ ಕೈ ತಾನಾಗಿಯೇ ಗಂಟಿಗೆ ಹೋಯಿತು. ಹಾಳು ಅಭ್ಯಾಸ! ಎಸ್ತೆರ್ ನೋಡುತ್ತಿದ್ದಳು. ಕೈ ಹಿಂದೆ ಬಂತು.

“ಇಲ್ಲ ಸಿಸ್ಟರ್. ಇವಳ ಒಂದು ಮಳೆಗಾಲ ನಾನು ಹಾಳು ಮಾಡಿದ್ದೇನೆ. ಇನ್ನು ಒಂದು ಗಳಿಗೆಯೂ ಬಿಚ್ಚುವುದಿಲ್ಲ.” ತಮ್ಮ ಮುಡಿಯಿಂದ ಪಿನ್ನು ತೆಗೆದು ಜೂಲಿಯ ವೇಲನ್ನು ಅವಳ ಬೆನ್ನ ಹಿಂದಕ್ಕೆ ಮಡಚಿ ಸಿಕ್ಕಿಸಿದರು.

“ನೀನು ಕೆಟ್ಟವಳು,” ಎಂದಳು ವೆರೋನಿಕಾ, ಹಲ್ಲು ಕಚ್ಚಿ.

ಬೆಂಕಿ ಸಾಲಿನಲ್ಲಿ ಬಂದು ಜೂಲಿಯ ಬತ್ತಿಯಲ್ಲಿ ನಿಂತಿತು. ವೆರೋನಿಕಾ ತನ್ನ ಬತ್ತಿ ಚಾಚಿದಳು. ಅದು ಬೆಂಕಿಯ ಆಚೆ ಹೋಯಿತು. ಹಿಂದೆ ತಂದಳು, ಈಚೆ ಉಳಿಯಿತು. ಹುಡುಗರ ಬೆಂಚಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಬಿಸಿ ಮೇಣ ಕೈಗೆ ಬಿದ್ದು ಜೂಲಿ “ಹಾ!” ಎಂದಳು. ಇಡೀ ಸಾಲು ನಿಂತಿತು, ಪಾದ್ರಿಗಳು ಪುಸ್ತಕ ಹಿಡಿದು ಕಾದರು. ನಾನೇ ಹೋಗಿ ಹೊತ್ತಿಸಿ ಬಿಡುತ್ತೇನೆ, ಮಾನ ಹೋದರೆ ಹೋಗಲಿ ಎಂದು ಮಟಿಲ್ಡಾ ಬಾಯಿ ಅರ್ಧ ಎದ್ದರು. ಎಸ್ತೆರ್ ಅತ್ತೆಯ ಕೈ ಹಿಡಿದು ಜಗ್ಗಿದಳು.

“ಕೂತ್ಕೊಳ್ಳಿ, ಮಾಂಯ್.”

ಹಿಡಿದ ಕೈಯನ್ನು ಅವಳು ಬಿಡಲಿಲ್ಲ.

ವೆರೋನಿಕಾ ತಡೆದು ನಿಂತಳು. ಆಮೇಲೆ ಎಡಗೈಯಿಂದ ಜೂಲಿಯ ಬತ್ತಿಯ ಬುಡ ಹಿಡಿದಳು. ಬೆರಳು ಮೆಲ್ಲನೆ ಮೇಲೆ ಸರಿಯಿತು, ಬಿಸಿ ತಾಗುವಲ್ಲಿಗೆ, ಇನ್ನೂ ಸ್ವಲ್ಪ ಮೇಲಕ್ಕೆ. ಆ ಬೆರಳಿನ ಗುರುತು ಹಿಡಿದು ತನ್ನ ಬತ್ತಿ ತಂದಳು. ಮಟಿಲ್ಡಾ ಬಾಯಿ ಕಣ್ಣು ಮುಚ್ಚಿದರು. ತೆರೆದಾಗ ಹುಡುಗಿಯ ಬತ್ತಿ ಉರಿಯುತ್ತಿತ್ತು, ಅವಳು ಆಚೆಯ ಹುಡುಗಿಯ ಕಡೆ ತಿರುಗಿ ಆಗಿತ್ತು.

ಪೂಜೆ ಮುಗಿದು ಅಂಗಳಕ್ಕೆ ಬಂದ ವೆರೋನಿಕಾಳ ಬೆರಳಿನಲ್ಲಿ ಬೊಕ್ಕೆ ಎದ್ದಿತ್ತು. ಮಟಿಲ್ಡಾ ಬಾಯಿ ಅದನ್ನು ಹಿಡಿಯಲು ಬಗ್ಗಿದರು, ಹುಡುಗಿ ಬೆರಳು ಕೊಡಲಿಲ್ಲ. ಮುಖ ಎತ್ತಿ, ಆ ವಾರೆಗಣ್ಣಿನಿಂದಲೇ ಅಜ್ಜಿಯನ್ನು ದಿಟ್ಟಿಸಿದಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು.

“ಗಂಟು ಸಡಿಲ ಆಗಿ ಪಟ್ಟಿ ಜಾರ್ತಾ ಉಂಟು, ವ್ಹಡ್ಲಿಮಾಯ್. ಗಟ್ಟಿ ಕಟ್ಟು.”