ತೊಡೆಯ ಮೇಲಿನ ಪರೀಕ್ಷೆ

ಶಿವಗಂಗಮ್ಮನವರಿಗೆ ಮೊಮ್ಮಗಳ ಕಿವಿಯ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಸೊಸೆ ರಕ್ಷಾಳದು. ಒಂದೂವರೆ ವರ್ಷವಾದರೂ ಅನಘಾ ‘ಅಮ್ಮ’ ಅಂದಿರಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ.

“ಅವರಪ್ಪಾನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಈಗ ನಿಲ್ಸು ಅಂದ್ರೂ ನಿಲ್ಸಲ್ಲ,” ಎನ್ನುತ್ತಿದ್ದರು ಶಿವಗಂಗಮ್ಮ. ಅಷ್ಟಕ್ಕೇ ಬಿಡದೆ ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಧಡಾರನೆ ನೆಲಕ್ಕೆ ಬಡಿದು ತೋರಿಸಿದ್ದರು. ಮಗು ತಿರುಗಿತ್ತು. ಕೆಳಗಿನ ಮನೆಯವರೂ ಗಾಬರಿಯಿಂದ ಮೇಲೆ ಓಡಿಬಂದಿದ್ದರು.

ರಕ್ಷಾ ಬಸವೇಶ್ವರನಗರದ ಕಿವಿ ಕ್ಲಿನಿಕ್ಕಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿದಳು. ಅತ್ತೆ ಇಳಕಲ್ ಸೀರೆ ಉಟ್ಟು, ಮೊಮ್ಮಗಳಿಗೆ ದೃಷ್ಟಿಬೊಟ್ಟು ಇಟ್ಟು, ಬಹುಮಾನ ತರಲು ಹೊರಟವರಂತೆ ಆಟೋ ಹತ್ತಿದರು.

ಪರೀಕ್ಷೆ ಮಾಡುವ ವರಲಕ್ಷ್ಮಿ ಸೊಸೆಗಿಂತಲೂ ಚಿಕ್ಕವಳು. ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎಡಕ್ಕೋ ಬಲಕ್ಕೋ ಸದ್ದು ಬರುತ್ತದೆ. ಮಗು ಅತ್ತ ತಿರುಗಿದರೆ ಅಲ್ಲೊಂದು ಬೊಂಬೆ ದೀಪ ಹೊತ್ತಿಸಿಕೊಂಡು ಕುಣಿಯುತ್ತದೆ. ಆ ಬೊಂಬೆಯ ಆಸೆಗೆ ಮಗು ಮುಂದಿನ ಸದ್ದಿಗೂ ತಿರುಗುತ್ತದೆ.

“ಮಗು ನನ್ ಹತ್ರಾನೇ ಕೂರೋದು,” ಎಂದು ಶಿವಗಂಗಮ್ಮ ಕುರ್ಚಿ ಹಿಡಿದುಬಿಟ್ಟರು.

ದಪ್ಪ ಸದ್ದು ಬಂತು, ಅನಘಾ ತಿರುಗಿದಳು. ಹಕ್ಕಿಯ ಚಿಲಿಪಿಲಿಯಂಥ ಸಣ್ಣ ಸದ್ದಿಗೂ ತಿರುಗಿದಳು. ಅಜ್ಜಿ ಗಾಜಿನಾಚೆ ನಿಂತಿದ್ದ ಸೊಸೆಯತ್ತ ನೋಡಿ ಬೀಗಿದರು.

ವರಲಕ್ಷ್ಮಿ ಒಳಗೆ ಬಂದಳು. “ಅಜ್ಜಿ, ಇಷ್ಟು ಹೊತ್ತು ಪಾಸಾಗಿದ್ದು ನೀವು. ಸದ್ದು ಕೇಳಿದ ತಕ್ಷಣ ನಿಮ್ ತೊಡೆ ಅತ್ತ ವಾಲುತ್ತೆ. ಮಗು ಅದನ್ನ ಹಿಡ್ಕೊಂಡು ತಿರುಗ್ತಿದೆ.”

“ನಾನು ಮೋಸ ಮಾಡೋಳಾ? ಮನೇಲಿ ತಟ್ಟೆ ಬಡಿದ್ರೂ ತಿರುಗ್ತಾಳೆ!”

“ನೆಲ ಅದುರಿದ್ದು ಕಾಲಿಗೆ ಗೊತ್ತಾಗಿರುತ್ತೆ. ಮೋಸ ಅಲ್ಲ ಅಜ್ಜಿ, ನಿಮ್ ಪ್ರೀತಿ ಅದು. ಆದ್ರೆ ಈಗ ನಾವು ತಪ್ಪಿದ್ರೆ ಇವಳ ಮಾತೇ ಹಿಂದೆ ಬೀಳುತ್ತೆ.”

ಈ ಸಲ ಅಜ್ಜಿಯ ಕಿವಿಗೇ ದಪ್ಪನೆಯ ಹೆಡ್‌ಫೋನ್ ಬಿತ್ತು. ಅದರೊಳಗೆ ನಾದಸ್ವರ ಜೋರಾಗಿ ನುಡಿಯತೊಡಗಿತು. ಗಾಜಿನಾಚೆ ವರಲಕ್ಷ್ಮಿ ಗುಂಡಿ ಒತ್ತುವುದು ಕಂಡಿತು. ಮತ್ತೆ ಒತ್ತಿದಳು. ಅನಘಾ ಅಜ್ಜಿಯ ಬಳೆ ಎಣಿಸುವವಳಂತೆ ತಲೆ ತಗ್ಗಿಸಿ ಆಡುತ್ತಿದ್ದಳು. ರಕ್ಷಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸದ್ದು ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಶಿವಗಂಗಮ್ಮನವರಿಗೆ ಗೊತ್ತಾಗಲಿಲ್ಲ. ಮಗುವಿಗೂ ಗೊತ್ತಾಗಲಿಲ್ಲ.

ಶಿವಗಂಗಮ್ಮ ಮಗುವನ್ನು ಎದೆಗೆ ಅವಚಿಕೊಂಡರು. ದಿನವಿಡೀ ಮಗುವನ್ನು ಆಡಿಸಿದವರು ಅವರೇ, ಹೇಳಿದ ಕತೆಗಳಿಗಂತೂ ಲೆಕ್ಕವಿರಲಿಲ್ಲ.

“ಕಿವಿಗೆ ಮಿಷನ್ ಹಾಕಿದ್ರೆ ಕೇಳುತ್ತಾ?” ಹೆಡ್‌ಫೋನ್ ಕಿತ್ತು ಕೇಳಿದರು.

“ಬೇಗ ಹಾಕಿದಷ್ಟೂ ಒಳ್ಳೇದು. ಮಾತೂ ಬರುತ್ತೆ, ಅಜ್ಜಿ. ಅದಕ್ಕೆ ಮೊದಲು ಇನ್ನೊಂದು ಪರೀಕ್ಷೆ ಇದೆ. ಮಗು ನಿದ್ದೆ ಮಾಡ್ತಿರಬೇಕು.”

ಶಿವಗಂಗಮ್ಮ ಕಣ್ಣೊರೆಸಿಕೊಂಡು ಎದ್ದು, ಸೆರಗು ಸಿಕ್ಕಿಸಿಕೊಂಡರು.

“ನಾಳೇನೇ ಇಟ್ಕೊಳಮ್ಮ. ಮಲಗ್ಸೋದು ನಾನು, ನನ್ ಬಿಟ್ರೆ ಯಾರ್ ಹತ್ರಾನೂ ಮಲಗಲ್ಲ. ಮಲಗಿದ್ಮೇಲೆ ಮಗೂನ ರಕ್ಷಾ ಕೈಗೆ ಕೊಟ್ಟು, ನಾನು ಆಚೆ ಹೋಗಿ ಕೂತ್ಕೋತೀನಿ.”