ಮಿಸರ್ ಪೈಸಾ

ಕೊಪ್ಪಳದಿಂದ ಗಂಗಾವತಿಗೆ ಹೊರಟ ಬಸ್ಸಿನಲ್ಲಿ ಶೈಲಜಾ ಕೈಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಿದ್ದಳು. ಅದರಲ್ಲಿ ಒಂದು ಸಕ್ಕರೆ ಪೊಟ್ಟಣ, ಒಂದು ಹಸಿರು ಬಟ್ಟೆಯ ಗಂಟು. ಗಂಟಿನೊಳಗಿದ್ದ ನಾಣ್ಯವನ್ನು ಅವಳು ಕೆಡಿಸಿದ್ದಳು. ಈಗ ಅದನ್ನು ಒಡೆಯರಿಗೆ ತಿರುಗಿ ಕೊಡಬೇಕಿತ್ತು. ಏನೆಂದು ಹೇಳಿ ಕೊಡುವುದು ಎಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಈಜಿಪ್ಟಿನ ನಾಣ್ಯಗಳ ಹುಚ್ಚು ಹಿಡಿದು ಬಹಳ ವರ್ಷವಾಗಿತ್ತು. ಪಿರಮಿಡ್ಡಿನ ಕಾಲದ್ದಲ್ಲ; ಗ್ರೀಕ್ ದೊರೆಗಳು, ಅವರ ಬೆನ್ನಿಗೇ ರೋಮನ್ನರು ಆ ದೇಶವನ್ನು ಆಳಿದಾಗ ಹೊರಟ ನಾಣ್ಯಗಳು. ಗ್ರೀಕ್ ದೊರೆಗಳು ಹೊರಗಿನ ನಾಣ್ಯವನ್ನು ನಡೆಯಗೊಡದೆ, ಅದನ್ನು ಪಡೆದು ತಮ್ಮ ಹಗುರ ನಾಣ್ಯ ಕೊಡುತ್ತಿದ್ದರು. ರೋಮನ್ನರು ಅದೇ ಬೇಲಿಯನ್ನು ಉಳಿಸಿಕೊಂಡು ಬೆಳ್ಳಿಗೆ ತಾಮ್ರ ಬೆರೆಸುತ್ತ ಹೋದರು. ಆದರೂ ಚಕ್ರವರ್ತಿ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂಬುದನ್ನು ತಪ್ಪದೆ ಗ್ರೀಕ್ ಅಕ್ಷರದಲ್ಲಿ ಒತ್ತುತ್ತಿದ್ದರು. "ಮೋಸಕ್ಕ ತಾರೀಖು ಹಾಕ್ಯಾರ ನೋಡ್ರಿ" ಎಂದು ಅವಳು ಪ್ರತಿ ಉಪನ್ಯಾಸದಲ್ಲೂ ಹೇಳಿ ನಗಿಸುತ್ತಿದ್ದಳು. ನೋಡಿದ್ದೆಲ್ಲ ಚಿತ್ರದಲ್ಲಿ. ಒಂದನ್ನಾದರೂ ಕೈಯಲ್ಲಿ ಹಿಡಿದಿರಲಿಲ್ಲ.

ಹೀಗಿರುವಾಗ ಹಳೆಯ ವಿದ್ಯಾರ್ಥಿನಿ ಇಮಾಮಬಾನು ಗಂಗಾವತಿಯ ಗಂಡನ ಮನೆಯಿಂದ ಮೊಬೈಲಿಗೆ ಒಂದು ಹಳೆಯ ನಾಣ್ಯದ ಫೋಟೊ ಕಳಿಸಿದಳು. ಆ ಮನೆಯ ಹಿರಿಯನೊಬ್ಬ ನಿಜಾಮನ ಕುದುರೆ ಪಡೆಯಲ್ಲಿದ್ದವನು. ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಾಲುವೆ ಕಾಯಲು ಹೋಗಿ ಬರುವಾಗ ಅದನ್ನು ತಂದಿದ್ದನಂತೆ. ಈಜಿಪ್ಟಿಗೆ ಉರ್ದುವಿನಲ್ಲಿ ಮಿಸರ್. ಹಾಗಾಗಿ ಓಣಿಗೆಲ್ಲ ಅದು ಮಿಸರ್ ಪೈಸಾ. ಹೆರಿಗೆ ನೋವು ಶುರುವಾದವಳಿಗೆ ಆ ನಾಣ್ಯ ಅದ್ದಿದ ನೀರನ್ನು ಮೂರು ಗುಟುಕು ಕುಡಿಸಿಯೇ ಆಸ್ಪತ್ರೆಗೆ ಹೊರಡಿಸುವುದು ಅಲ್ಲಿನ ರೂಢಿ. ಒಯ್ದವರು ಬರಿಗೈಲಿ ತಿರುಗಿಸುವಂತಿಲ್ಲ, ಸಕ್ಕರೆಯ ಜೊತೆ ಕೊಡಬೇಕು. ತನ್ನ ದೇಶದ ಗಡಿ ದಾಟಿದರೆ ಯಾರೂ ಮುಟ್ಟದಿದ್ದ ನಾಣ್ಯ ಗಂಗಾವತಿಯ ಓಣಿಯಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಮನೆಯಿಂದ ಮನೆಗೆ ನಡೆಯುತ್ತಿತ್ತು.

ಅಭ್ಯಾಸಕ್ಕೆಂದು ಶೈಲಜಾ ಅದನ್ನು ಕೇಳಿದಾಗ ಇಮಾಮಬಾನುವಿನ ಅತ್ತೆ ಮೆಹರುನಬಿಗೆ ಊರ ಹೊರಗೆ ಕಳಿಸಲು ಮನಸ್ಸಿರಲಿಲ್ಲ. "ಮೇಡಮ್ ಕೈಯಾಗ ಕೊಟ್ರ ಲಾಕರಿನ್ಯಾಗ ಇಟ್ಟಂಗ" ಎಂದು ಇಮಾಮಬಾನುವೇ ಒಪ್ಪಿಸಿದ್ದಳು. ಕೊಡುವಾಗ, "ರಂಜಾನಿಗೆ ನಿಂಬಿಹಣ್ಣು, ಉಪ್ಪು ಹಚ್ಚಿ ಒಮ್ಮೆ ತೊಳದಿದ್ದೆ ಮೇಡಮ್, ಏನೂ ಆಗಂಗಿಲ್ಲಲ್ಲ?" ಎಂದು ಕೇಳಿದ್ದಳು. ಇಲ್ಲ ಎಂದಿದ್ದಳು ಶೈಲಜಾ.

ನಾಣ್ಯದ ಒಂದು ಬದಿಗೆ ನೀರೋ ಚಕ್ರವರ್ತಿಯ ತಲೆ, ಇನ್ನೊಂದು ಬದಿಗೆ ಹದ್ದು. ಹದ್ದಿನ ಪಕ್ಕದ ವರ್ಷದ ಅಕ್ಷರ ಮಾತ್ರ ಹಸಿರು ಕಿಲುಬಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಅಷ್ಟು ಹಳೆಯ ಲೋಹದಲ್ಲಿ ಕೆಲವೊಮ್ಮೆ ಚಿತ್ರ ಉಳಿದಿರುವುದೇ ಕಿಲುಬಿನ ಪದರಿನಲ್ಲಿ, ಅದನ್ನು ಕಿತ್ತರೆ ಚಿತ್ರವೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ನೆನೆಯಿಟ್ಟು ಕಾಯಬೇಕು. ಆದರೆ ಧಾರವಾಡದ ವಿಚಾರ ಸಂಕಿರಣ ಹತ್ತಿರ ಬಂದಿತ್ತು. ವರ್ಷ ಗೊತ್ತಿಲ್ಲದ ನಾಣ್ಯ ಹಿಡಿದುಕೊಂಡು ಅಲ್ಲಿ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ವಾಷಿಂಗ್ ಸೋಡಾದ ನೀರು, ಒಂದು ಸ್ಟೀಲ್ ಚಮಚ, ಬ್ಯಾಟರಿ ಚಾರ್ಜರಿನ ಎರಡು ತಂತಿ. ಆ ಅಕ್ಷರದ ಜಾಗಕ್ಕಷ್ಟೇ ಎಂದುಕೊಂಡು ಕರೆಂಟು ಕೊಟ್ಟಳು. ನಾಣ್ಯದ ಮೈತುಂಬ ಗುಳ್ಳೆ ಎದ್ದವು. ಆರಿಸುವಷ್ಟರಲ್ಲಿ ಹದ್ದು, ಅಕ್ಷರ, ದೊರೆಯ ಮೂಗು ಎಲ್ಲ ಹಸಿರು ಹೊಟ್ಟಾಗಿ ಬಟ್ಟಲಿನ ತಳಕ್ಕಿಳಿದಿದ್ದವು. ಉಳಿದದ್ದು ತೂತು ತೂತಾದ ಒಂದು ಕೆಂಪು ಬಿಲ್ಲೆ.

"ಬರ್ರಿ ಅಕ್ಕೋರ, ಬರ್ರಿ. ಬಿಸಿಲಾಗ ಬಂದೀರಿ" ಎಂದು ಗಂಗಾವತಿಯ ಮನೆಯಲ್ಲಿ ಮೆಹರುನಬಿ ಚಾಪೆ ಹಾಸಿದಳು. ಸಕ್ಕರೆ ಕಂಡು, "ಅಯ್ಯ, ನಮ್ಮ ಪದ್ಧತಿ ನಿಮಗೂ ಬಂತಲ್ರಿ!" ಎಂದು ನಕ್ಕು ಪೊಟ್ಟಣವನ್ನು ಚಹಾಕ್ಕೆಂದು ಒಳಗೆ ಕಳಿಸಿದಳು. ಚಹಾ ಆಗುತ್ತಿದ್ದಂತೆ ಗಂಟು ಬಿಚ್ಚಿ, ರೂಢಿಯಂತೆ ಹೆಬ್ಬೆರಳಿನಿಂದ ಸವರಿದಳು. ಬೆರಳು ನಿಂತಿತು.

"ಇದೇನ್ರಿ, ಮುಖಾನ ಇಲ್ಲ? ಮೂಗು ಕೈಗೆ ಹತ್ತತಿತ್ತು."

ನಿಜ ಹೇಳಲೆಂದೇ ಶೈಲಜಾ ಬಾಯಿ ತೆರೆದಳು. ಹೊರಬಿದ್ದದ್ದು ಬೇರೆ. "ಒಳಗ ಮೊದಲೇ ಕೆಟ್ಟಿತ್ತ್ರಿ ಅಮ್ಮಾ. ನಿಂಬಿಹಣ್ಣು, ಉಪ್ಪು ಹಚ್ಚಿ ತೊಳದ್ರ ಹಿಂಗ ಆಗ್ತೈತಿ. ಮ್ಯಾಲಿನ ಪದರು ತಾನಾ ಉದುರಿಬಿಡ್ತು."

ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಇಮಾಮಬಾನು ತಲೆ ಎತ್ತಿ ಅವಳನ್ನು ನೋಡಿದಳು.

"ಕೇಳಿದೇನ, ಓದಿದ ಸೊಸಿ?" ಎಂದಳು ಮೆಹರುನಬಿ. "ಥಳಥಳ ಹೊಳೀಲಿ ಅಂತ ತಿಕ್ಕಿದೆಲ್ಲ, ನೋಡೀಗ ಹೆಂಗ ಹೊಳ್ಯಾಕತ್ತೈತಿ. ನಿಮ್ಮ ಅಪ್ಪನ ಮನ್ಯಾಗ ಬರೇ ತಿಕ್ಕೂದು ಕಲಿಸ್ಯಾರೇನ?" ಆಮೇಲೆ ಶೈಲಜಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ತಪ್ಪಾತ್ರಿ ಅಕ್ಕೋರ. ಕೆಟ್ಟ ಮಾಲು ಕೊಟ್ಟು ನಿಮ್ಮ ಅಭ್ಯಾಸಾನೂ ಕೆಡಿಸಿದಿವಿ."

ಅಷ್ಟರಲ್ಲಿ ಎದುರು ಮನೆಯ ಗುರುಲಿಂಗಮ್ಮ ಬಂದಳು. ಅವಳ ಮಗಳು ಹೇಮಾ ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು.

"ಮಿಸರ್ ಪೈಸಾ ಬಂತಂತ, ಆಪಾ?"

"ಬಂತವ್ವ, ಜೀವ ಬಿಟ್ಟು ಬಂತು. ನಮ್ಮಾಕಿ ನಿಂಬಿಹಣ್ಣು ಹಚ್ಚಿ ತೊಳದಾಳಂತ."

"ಅಯ್ಯ ಶಿವನ! ಉಪ್ಪಿನಕಾಯಿ ಹಾಕಿದ್ಲೇನ ಅದನ್ನ?" ಎಂದು ನಗಲು ಹೋದ ಗುರುಲಿಂಗಮ್ಮನ ಮುಖ ನಾಣ್ಯ ನೋಡಿ ಬಾಡಿತು. "ನಮ್ಮ ಹೇಮಾನ ಹೊತ್ತಿಗೇ ಹಿಂಗಾಗಬೇಕಾ? ಏನ್ ಹೇಳ್ಲಿ ಆಕಿಗೆ?" ಎನ್ನುತ್ತ ಇಮಾಮಬಾನುವಿನ ಕಡೆ ನೋಡದೆ ಹೊರಗೆ ನಡೆದಳು.

ಶೈಲಜಾ ಚಹಾ ಕುಡಿದಳು. ಅವಳೇ ತಂದ ಸಕ್ಕರೆ ಹಾಕಿದ್ದರು. ಲೋಟ ಖಾಲಿಯಾಗುವ ತನಕ ಹೇಳಲು ಅವಕಾಶವಿತ್ತು, ಲೋಟ ಖಾಲಿಯಾಯಿತು.

ಬಂದವರನ್ನು ಓಣಿಯ ಕೊನೆಯ ತನಕ ಕಳಿಸಿಬರುವುದು ಆ ಮನೆಯ ಮರ್ಯಾದೆ. ಇಮಾಮಬಾನು ಸೆರಗು ಹೊದ್ದು ಜೊತೆಗೆ ಬಂದಳು. ನಳದ ಹತ್ತಿರ ನಿಂತಿದ್ದ ಇಬ್ಬರು ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಅವರನ್ನು ದಾಟಿದ ಮೇಲೆ ಅವಳು ಕೇಳಿದಳು, "ಕರೆಂಟ್ ಕೊಟ್ರೇನ್ರಿ ಮೇಡಮ್?"

ಶೈಲಜಾಳ ಕಾಲು ನಿಂತವು.

"ಎಷ್ಟೋ ತಿಂಗಳ ಹಿಂದಿನ ನಿಂಬಿಹಣ್ಣು ಹಿಂಗ ಮಾಡಂಗಿಲ್ಲ. ನಿಮ್ಮ ಕ್ಲಾಸಿನ್ಯಾಗ ನಾ ಎರಡನೇ ಬೆಂಚಿನ್ಯಾಗ ಕೂಡ್ತಿದ್ದೆ."

"ಅಲ್ಲೇ ಯಾಕ ಅನ್ಲಿಲ್ಲ ನೀನು?"

"ನೀವು ನಮ್ಮ ಮೇಡಮ್" ಎಂದಳು ಇಮಾಮಬಾನು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶೈಲಜಾಳ ಕಿವಿ ಬಿಸಿಯಾದವು. ಕೊಪ್ಪಳದ ಬಸ್ಸು ಹಿಡಿದರೆ ಇನ್ನು ಈ ಓಣಿಗೆ ಬರುವ ಪ್ರಸಂಗವೇ ಇರಲಿಲ್ಲ. ಇಲ್ಲಿಯೇ ಬದುಕಬೇಕಾದವಳು ಎದುರಿಗೆ ನಿಂತಿದ್ದಳು. "ನಡಿ, ನಿಮ್ಮತ್ತಿಗೆ ಹೇಳ್ತೀನಿ" ಎಂದಳು.

ಮೆಹರುನಬಿ ಪೂರ್ತಿ ಕೇಳಿದಳು. ನಾಣ್ಯವನ್ನು ಚಾಪೆಯ ಮೇಲಿಟ್ಟಳು.

"ಕೆಡಿಸಿದ್ದಕ್ಕ ನಾ ಏನೂ ಅನ್ನಂಗಿಲ್ರಿ ಅಕ್ಕೋರ. ಕೈಯಾಗಿನ ಸಾಮಾನು ಕೆಡ್ತಾವ. ಆದ್ರ ನನ್ನ ಬಾಯಿಲೆ ಇಕಿಗೆ ಅನ್ನಿಸಿದ್ರೆಲ್ಲ. ಅಪ್ಪನ ಮನಿ ತನಕ ಹೋದೆ ನಾನು."

"ತಪ್ಪಾತ್ರಿ ಅಮ್ಮಾ."

"ನನಗ ಹೇಳಿದ್ರ ಮುಗೀತೇನ್ರಿ? ಗುರುಲಿಂಗಮ್ಮ ಇಷ್ಟೊತ್ತಿಗೆ ಓಣಿ ತುಂಬ ಹಂಚಿರ್ತಾಳ." ಮುದುಕಿ ಗೋಡೆ ಹಿಡಿದು ಎದ್ದಳು. ಸೊಸೆಯ ಕೈ ಹಿಡಿದುಕೊಂಡಳು. "ಬರ್ರಿ. ನಾವೂ ಬರ್ತೀವಿ. ಹೇಳೂದು ಮಾತ್ರ ನೀವು."

ಗುರುಲಿಂಗಮ್ಮನ ಮನೆಯ ಕಟ್ಟೆಯ ಮೇಲೆ ಹೇಮಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಶೈಲಜಾ ಶುರು ಮಾಡಿದಳು, "ಅಂದ್ರ ಲೋಹದೊಳಗ ವಿದ್ಯುತ್ತು ಹಾಯಿಸಿದಾಗ, ಮ್ಯಾಲಿನ ಲವಣದ ಪದರು..."

"ನಮಗ ತಿಳಿಯೂಹಂಗ ಹೇಳ್ರೆಲ್ಲ" ಎಂದಳು ಗುರುಲಿಂಗಮ್ಮ.

"ನಾನು ಕೆಡಿಸಿದ್ದು. ಕರೆಂಟ್ ಕೊಟ್ಟು ಕೆಡಿಸಿದೆ. ಅಂಜಿ, ಇಮಾಮಬಾನುನ ಮ್ಯಾಲೆ ಹಾಕಿದೆ. ಆಕಿಂದೇನೂ ತಪ್ಪಿಲ್ಲ."

ಗುರುಲಿಂಗಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಹೇಮಾ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಆಮೇಲೆ ಗುರುಲಿಂಗಮ್ಮ ಪಕ್ಕದ ಮನೆಯ ಕಡೆ ಕತ್ತು ಚಾಚಿ ಕೂಗಿದಳು, "ಏ ಮಾರೆವ್ವಾ, ಬಾ ಇಲ್ಲೆ. ಅಕ್ಕೋರು ಏನೋ ಹೇಳ್ತಾರ. ನಾ ಹೇಳಿದ್ದು ಸುಳ್ಳಂತ, ನೀನಾ ಕೇಳು."

ಮಾರೆವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬರಲು ಹೊತ್ತಾಯಿತು. ಶೈಲಜಾ ಬಿಸಿಲಿನಲ್ಲಿ ನಿಂತು ಕಾದಳು.